ನಾಲ್ಕನೇ ಸೆಮಿಸ್ಟರಿಗೂ ಮೊದಲೇ

"ಮೇಡಂ, ಪ್ರಾಜೆಕ್ಟಿಗೆ ಯಾವ ಟಾಪಿಕ್ ತಗೊಳ್ಳಲಿ?"

ಎಂ.ಎ. ನಾಲ್ಕನೇ ಸೆಮಿಸ್ಟರ್ ಶುರುವಾಗಿ ಸ್ವಲ್ಪ ದಿನ ಆದ ಮೇಲೆ ಈ ಪ್ರಶ್ನೆ ಬರುತ್ತದೆ. ಕ್ಲಾಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ಕೇಳುತ್ತಾರೆ, ಬಸ್ ಸ್ಟಾಪಿನಲ್ಲಿ ಕೇಳುತ್ತಾರೆ, ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಕೇಳುತ್ತಾರೆ. ನಾನು ದಾವಣಗೆರೆಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಕೇಳುವ ಮಕ್ಕಳಲ್ಲಿ ಹೆಚ್ಚಿನವರು ಜಗಳೂರು, ಹೊಸದುರ್ಗ, ಚನ್ನಗಿರಿ, ಮೊಳಕಾಲ್ಮೂರು ಕಡೆಯಿಂದ ಬಂದವರು. ಎಷ್ಟೋ ಮನೆಗಳಲ್ಲಿ ಇಷ್ಟು ಓದಿದವರು ಅವರೇ ಮೊದಲು. ಒಳ್ಳೆಯ ಉತ್ತರ ಕೊಡಬೇಕು ಅಂತ ನನಗೂ ಆಸೆ. ಆದರೆ ಆ ಹೊತ್ತಿಗೆ ಕೇಳಿದರೆ ಕೊಡಬಹುದಾದ ಉತ್ತರಗಳು ಕಡಿಮೆ ಉಳಿದಿರುತ್ತವೆ. ಮೂರನೇ ಸೆಮಿಸ್ಟರಿನಲ್ಲಿ ಕೇಳಿದ್ದರೆ ಬೇಕಾದಷ್ಟು ಇರುತ್ತಿತ್ತು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ, ಈಗ ಮೂರನೇ ಸೆಮಿಸ್ಟರಿನಲ್ಲಿ ಇರುವವರು ಓದಲಿ ಅಂತ.

ಮೊದಲು ಟಾಪಿಕ್ ಅನ್ನುವುದನ್ನೇ ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಕಡೆ ಟಾಪಿಕ್ ಅಂದರೆ ಒಂದು ಶೀರ್ಷಿಕೆ. 'ದಾವಣಗೆರೆ ಜಿಲ್ಲೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಪಾತ್ರ: ಒಂದು ಅಧ್ಯಯನ', 'ಚಿತ್ರದುರ್ಗ ಜಿಲ್ಲೆಯ ರೈತರ ಸಮಸ್ಯೆಗಳು: ಒಂದು ಅವಲೋಕನ'. ಇಂಥವನ್ನು ಓದಿದಾಗ ನನಗೆ ಏಳುವ ಪ್ರಶ್ನೆ ಇಷ್ಟೇ: ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಯಾವುದು? ಯಾವುದನ್ನು ತಿಳಿದುಕೊಳ್ಳೋಕೆ ನೀನು ಹೊರಟಿದ್ದೀಯ? ಸಂಘಗಳ ಪಾತ್ರ ಮುಖ್ಯ ಅಂತ ಬರೆಯೋಕೆ ಯಾರ ಮನೆಗೂ ಹೋಗಬೇಕಾಗಿಲ್ಲ. ಅದು ಹೊರಡುವ ಮೊದಲೇ ಗೊತ್ತಿತ್ತು. ಗೊತ್ತಿರುವ ಮಾತನ್ನೇ ಹೇಳಿ ಮುಗಿಸುವ ಪ್ರಾಜೆಕ್ಟಿಗೆ ಇಡೀ ಒಂದು ಸೆಮಿಸ್ಟರ್ ಕೊಡುವುದು ಆ ವಿದ್ಯಾರ್ಥಿಗೆ ಆಗುವ ದೊಡ್ಡ ನಷ್ಟ ಅಂತ ನನಗನ್ನಿಸುತ್ತದೆ. ಮಾರ್ಕ್ಸ್ ಬರುತ್ತದೆ. ಕಲಿಯೋದು ಮಾತ್ರ ಏನೂ ಇರಲ್ಲ.

ಹಾಗಾದರೆ ಪ್ರಶ್ನೆ ಎಲ್ಲಿ ಸಿಗುತ್ತದೆ? ನಾನು ಹೇಳುವುದು ಒಂದೇ. ಪುಸ್ತಕಕ್ಕೂ ಗೂಗಲ್‌ಗೂ ಮೊದಲು ಒಂದು ಜಾಗಕ್ಕೆ ಹೋಗಿ. ನಿಮ್ಮೂರಿನ ಹತ್ತಿರದ್ದೇ ಆಗಲಿ. ಕೈಯಲ್ಲಿ ಪ್ರಶ್ನಾವಳಿ ಬೇಡ, ಫಾರ್ಮ್ ಬೇಡ. ಸುಮ್ನೆ ಹೋಗಿ, ಕೂತು, ನೋಡಿ, ಮಾತಾಡಿಸಿ ಬನ್ನಿ. ಮತ್ತೆ ಹೋಗಿ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಭದ್ರಾ ನಾಲೆ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಭದ್ರಾ ಜಲಾಶಯದ ಪೂರ್ತಿ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಮೊದಲು ನೋಡುವುದು ಅದರ ಮಟ್ಟವನ್ನೇ. ಬಲದಂಡೆ ನಾಲೆ ಶಿವಮೊಗ್ಗ ಕಡೆಯಿಂದ ಇಳಿದು ಬರುತ್ತದೆ. ದಾವಣಗೆರೆ, ಹರಿಹರ ಕಡೆಯ ಎಷ್ಟೋ ಹಳ್ಳಿಗಳು ಅದರ ಕೊನೆ ಭಾಗ. ಬೇಸಿಗೆ ಬೆಳೆಗೆ ನೀರು ಬಿಟ್ಟರೂ ಕೊನೆ ಭಾಗಕ್ಕೆ ಸರಿಯಾಗಿ ಮುಟ್ಟುವುದಿಲ್ಲ ಅಂತ ಪ್ರತಿಭಟನೆ ಆಗುತ್ತಲೇ ಇರುತ್ತದೆ. ಇದರ ಮೇಲೆ ಒಬ್ಬ ವಿದ್ಯಾರ್ಥಿ 'ಭದ್ರಾ ಅಚ್ಚುಕಟ್ಟು ರೈತರ ಸಮಸ್ಯೆಗಳು' ಅಂತ ಶೀರ್ಷಿಕೆ ತಂದರೆ ಅದು ಆರು ಪಿಎಚ್‌ಡಿಗೆ ಆಗುವಷ್ಟು ದೊಡ್ಡದು, ಒಂದು ಪ್ರಾಜೆಕ್ಟಿಗೆ ಹಿಡಿಯುವುದಿಲ್ಲ. ಅದೇ ಹುಡುಗ ಕೊನೆ ಭಾಗದ ಒಂದು ಹಳ್ಳಿಗೆ ಹೋಗಿ, ಅರಳಿಕಟ್ಟೆ ಮೇಲೆ ಒಂದು ಮಧ್ಯಾಹ್ನ ಕೂತರೆ ಬೇರೆಯದೇ ಕೇಳಿಸುತ್ತದೆ. ಮೇಲ್ಭಾಗದಲ್ಲಿ ಅಡಿಕೆ ತೋಟ ಜಾಸ್ತಿ ಆಗಿದೆ ಅನ್ನುತ್ತಾರೆ. ನಾಲೆಗೆ ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ ಅನ್ನುತ್ತಾರೆ. ನೀರು ಬಿಡುವ ಸೌಡಿಯ ಕೈಯಲ್ಲಿ ಏನಿದೆ, ಏನಿಲ್ಲ ಅನ್ನುವ ವಾದ ಶುರುವಾಗುತ್ತದೆ. ಒಬ್ಬರು ಈ ಸಲ ನಾಟಿ ಮಾಡಿಲ್ಲ, ಪಕ್ಕದ ಹೊಲದವರು ಮಾಡಿದ್ದಾರೆ. ಇಬ್ಬರ ನೆಲವೂ ಒಂದೇ, ತೂಬೂ ಒಂದೇ. ಯಾಕೆ ಹೀಗೆ?

ಅಲ್ಲಿದೆ ಪ್ರಶ್ನೆ. ನೀರು ಬರುತ್ತದೋ ಇಲ್ಲವೋ ಖಾತ್ರಿ ಇಲ್ಲದಾಗ ಒಂದು ಹಳ್ಳಿಯ ರೈತರು ಬೇಸಿಗೆ ಭತ್ತ ಹಾಕಬೇಕೋ ಬೇಡವೋ ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ಬೋರ್‌ವೆಲ್ ಇದ್ದವರು ಮಾತ್ರ ಧೈರ್ಯ ಮಾಡುತ್ತಾರಾ? ಗುತ್ತಿಗೆ ಹೊಲ ಮಾಡುವವರು ಏನು ಮಾಡುತ್ತಾರೆ? ಇದಕ್ಕೆ ಒಂದು ಹಳ್ಳಿ ಸಾಕು, ಒಂದು ತೂಬಿನ ಕೆಳಗಿನ ಮನೆಗಳು ಸಾಕು. ಉತ್ತರ ಏನು ಅಂತ ಹೋಗುವ ಮೊದಲು ನಿಮಗೂ ಗೊತ್ತಿಲ್ಲ, ನಿಮ್ಮ ಗೈಡಿಗೂ ಗೊತ್ತಿಲ್ಲ. ಅಂಥ ಪ್ರಶ್ನೆ ಇಟ್ಟುಕೊಂಡು ಬಂದ ವಿದ್ಯಾರ್ಥಿಯ ಮುಖವೇ ಬೇರೆ ಥರ ಇರುತ್ತದೆ. ನಾನು ನೋಡಿದ್ದೇನೆ.

ಮೂರನೇ ಸೆಮಿಸ್ಟರಿನಲ್ಲೇ ಅಂತ ಒತ್ತಿ ಹೇಳೋಕೆ ಇನ್ನೊಂದು ಕಾರಣವಿದೆ. ಯೂನಿವರ್ಸಿಟಿ ಕ್ಯಾಲೆಂಡರಿಗೂ ಹೊಲದ ಕ್ಯಾಲೆಂಡರಿಗೂ ತಾಳೆ ಆಗುವುದಿಲ್ಲ. ದಾವಣಗೆರೆ ಸೀಮೆಯ ಮಳೆಯಾಶ್ರಿತ ಮೆಕ್ಕೆಜೋಳ ಜೂನ್ ಹೊತ್ತಿಗೆ ಬಿತ್ತನೆ, ಅಕ್ಟೋಬರ್ ನವೆಂಬರಿಗೆ ಕಟಾವು. ಎಪಿಎಂಸಿ ಯಾರ್ಡಿನಲ್ಲಿ ಜೋಳದ ರಾಶಿ ನೋಡಬೇಕು, ದಲ್ಲಾಳಿ, ಹಮಾಲಿ, ರೈತ ಮೂವರನ್ನೂ ಒಂದೇ ಕಡೆ ಮಾತಾಡಿಸಬೇಕು ಅಂದರೆ ಆಗಲೇ ಹೋಗಬೇಕು. ಚಳ್ಳಕೆರೆ ಕಡೆ ಶೇಂಗಾ ಕೀಳುವುದೂ ಹೆಚ್ಚುಕಡಿಮೆ ಅದೇ ಕಾಲ. ನಿಮ್ಮ ಪ್ರಾಜೆಕ್ಟ್ ಶುರುವಾಗುವುದು ಮಾರ್ಚಿನಲ್ಲಾದರೆ ಯಾರ್ಡು ಖಾಲಿ, ಹೊಲ ಖಾಲಿ, ರೈತರಿಗೆ ಕಳೆದ ವರ್ಷದ ರೇಟು ಸರಿಯಾಗಿ ನೆನಪಿಲ್ಲ. ನಾಲೆ ವಿಷಯಕ್ಕೆ ಮಾತ್ರ ಉಲ್ಟಾ. ಬೇಸಿಗೆ ಬೆಳೆಗೆ ನೀರು ಹರಿಯುವುದು, ಕೊನೆ ಭಾಗದವರ ಕಷ್ಟ ಕಣ್ಣಿಗೆ ಕಾಣುವುದು ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲೇ. ಆದ್ದರಿಂದ ಮೊದಲು ನಿಮ್ಮ ಪ್ರಶ್ನೆಗೆ ಯಾವ ತಿಂಗಳು ಬೇಕು ಅಂತ ನೋಡಿ. ಜಾತ್ರೆಗಳನ್ನೂ ನೋಡಿಕೊಳ್ಳಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ, ಅತ್ತ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು. ಆ ವಾರ ಮನೆ ತುಂಬಾ ನೆಂಟರು ಇರುವಾಗ ಯಾರೂ ನಿಮ್ಮ ಪ್ರಶ್ನೆಗೆ ಕೂತು ಉತ್ತರ ಹೇಳುವುದಿಲ್ಲ. ಊಟ ಮಾತ್ರ ಖಂಡಿತ ಹಾಕುತ್ತಾರೆ.

ಇನ್ನು ಮನೆಯಲ್ಲಿ ಕೂತೇ ಮಾಡಬಹುದಾದ ಕೆಲಸ. ಸರ್ಕಾರ ಈಗಾಗಲೇ ಸೇರಿಸಿಟ್ಟ ಮಾಹಿತಿ ಎಷ್ಟಿದೆ ಅಂತ ಗೊತ್ತಾದರೆ ಆಶ್ಚರ್ಯ ಆಗುತ್ತದೆ. ದಿನದ ಮಾರುಕಟ್ಟೆ ದರ ಕೃಷಿ ಮಾರಾಟ ವಾಹಿನಿ ಅನ್ನುವ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಳೆ ಲೆಕ್ಕ ಬೇಕಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ, ಹೋಬಳಿ ಮಟ್ಟದ ಮಳೆ ಅಂಕಿ ಅವರ ಹತ್ತಿರ ಇರುತ್ತದೆ. ಆರೋಗ್ಯ, ಪೌಷ್ಟಿಕತೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಜಿಲ್ಲಾವಾರು ಪಟ್ಟಿ ಇದೆ, 2019ರಿಂದ 21ರ ನಡುವೆ ಮಾಡಿದ್ದು. ಜನಸಂಖ್ಯೆಗೆ ಇವತ್ತಿಗೂ 2011ರ ಗಣತಿಯೇ ಗತಿ, 2021ರಲ್ಲಿ ಆಗಬೇಕಿದ್ದದ್ದು ಆಗಲಿಲ್ಲ.

ಇಲ್ಲಿ ನಮ್ಮ ಜಿಲ್ಲೆಗಳ ಮಕ್ಕಳು ಗಮನ ಇಡಲೇಬೇಕಾದ ಒಂದು ವಿಷಯ ಇದೆ, ಪ್ರಾಜೆಕ್ಟುಗಳಲ್ಲಿ ಇದು ತುಂಬಾ ಸಲ ತಪ್ಪಿಹೋಗುತ್ತದೆ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಲ್ಲಿದ್ದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು, ಹರಪನಹಳ್ಳಿ ಬಳ್ಳಾರಿಯಿಂದ ಬಂತು. ಆ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆ ಸೇರಿತು. ಅಂದರೆ 2011ರ ಗಣತಿಯಲ್ಲಿ ಕಾಣುವ ದಾವಣಗೆರೆ ಜಿಲ್ಲೆಯ 19.45 ಲಕ್ಷ ಜನರಲ್ಲಿ ಹರಪನಹಳ್ಳಿ ತಾಲ್ಲೂಕಿನವರೂ ಇದ್ದಾರೆ. ಆ ಸಂಖ್ಯೆಯನ್ನು ಇವತ್ತಿನ ಜಿಲ್ಲೆಯ ಅಂಕಿಯ ಪಕ್ಕ ಇಟ್ಟು 'ಇಷ್ಟು ಕಡಿಮೆಯಾಗಿದೆ' ಅಂತ ಬರೆದರೆ ಏನಾಗುತ್ತದೆ ಹೇಳಿ. ಹಾಗೆಯೇ 1991ರ ಚಿತ್ರದುರ್ಗವೂ 2011ರ ಚಿತ್ರದುರ್ಗವೂ ಒಂದೇ ಜಿಲ್ಲೆ ಅಲ್ಲ. ತಾಲ್ಲೂಕುವಾರು ಅಂಕಿ ತೆಗೆದುಕೊಂಡು ನೀವೇ ಕೂಡಿ ಕಳೆದು ಸರಿ ಮಾಡಿಕೊಳ್ಳಬೇಕು. ನ್ಯಾಮತಿ ಈಗ ಬೇರೆ ತಾಲ್ಲೂಕು, ಹಿಂದೆ ಹೊನ್ನಾಳಿಯ ಭಾಗ, ಅದನ್ನೂ ಮರೆಯಬೇಡಿ. ಒಂದು ಸಂಜೆಯ ಕೆಲಸ ಅಷ್ಟೇ. ಆದರೆ ವೈವಾದಲ್ಲಿ ಕೂತ ಪರೀಕ್ಷಕರಿಗೆ ಈ ವಿದ್ಯಾರ್ಥಿ ಅಂಕಿಯನ್ನು ನಿಜವಾಗಿ ಓದಿದ್ದಾನೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಕಚೇರಿಯಲ್ಲಿ ಇರುವ ಮಾಹಿತಿ ಕೊಡದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ ಇರಬೇಕು. 30 ದಿನ ಅನ್ನುವುದನ್ನು ಮತ್ತೆ ಓದಿ. ನಾಲ್ಕನೇ ಸೆಮಿಸ್ಟರ್ ನಡುವೆ ಅರ್ಜಿ ಹಾಕಿದರೆ ಉತ್ತರ ಬರುವ ಹೊತ್ತಿಗೆ ನಿಮ್ಮ ಪುಸ್ತಕ ಬೈಂಡಿಂಗಿಗೆ ಹೋಗಿರುತ್ತದೆ.

ಹಳೆಯ ಪ್ರಾಜೆಕ್ಟುಗಳನ್ನು ಓದಿ ಅಂತಲೂ ಹೇಳುತ್ತೇನೆ. ನಮ್ಮ ವಿಶ್ವವಿದ್ಯಾನಿಲಯ 2009ರಲ್ಲಿ ಶುರುವಾಯಿತು. ಅದಕ್ಕೆ ಮೊದಲು ತೋಳಹುಣಸೆಯ ಶಿವಗಂಗೋತ್ರಿ ಕುವೆಂಪು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಅಷ್ಟು ವರ್ಷಗಳಿಂದ ದಾವಣಗೆರೆ, ಚಿತ್ರದುರ್ಗದ ಮಕ್ಕಳು ಈ ಎರಡು ಜಿಲ್ಲೆಯ ಬಗ್ಗೆಯೇ ಬರೆಯುತ್ತಾ ಬಂದಿದ್ದಾರೆ. ದೇಶದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಓದುವಾಗ ಮೊದಲ ಅಧ್ಯಾಯಕ್ಕಿಂತ ಕೊನೆಯ ಅಧ್ಯಾಯ ನೋಡಿ. ತಮಗೆ ಏನು ಆಗಲಿಲ್ಲ, ಮುಂದೆ ಯಾರಾದರೂ ಏನು ಮಾಡಬಹುದು ಅಂತ ಪ್ರಾಮಾಣಿಕವಾಗಿ ಬರೆದವರು ಇರುತ್ತಾರೆ. ಅದು ನಿಮಗೇ ಬರೆದಿಟ್ಟ ಹಾಗಿರುತ್ತದೆ.

ಈಗ ಪ್ರಶ್ನಾವಳಿಗೆ ಬರೋಣ. ಇಲ್ಲಿ ನನಗೆ ಹೇಳಲು ಜಾಸ್ತಿ ಇದೆ.

ಮೊದಲ ಪುಟದಲ್ಲೇ 'ನಿಮ್ಮ ತಿಂಗಳ ಆದಾಯ ಎಷ್ಟು?' ಅಂತ ಹಾಕುತ್ತಾರೆ. ಜಗಳೂರಿನ ಮಳೆ ನಂಬಿದ ರೈತನಿಗೆ ತಿಂಗಳ ಆದಾಯ ಅನ್ನುವುದು ಎಲ್ಲಿಂದ ಬರಬೇಕು? ಅವನ ಲೆಕ್ಕ ಬೆಳೆಗೆ. ಕೂಲಿಯವರದ್ದು ದಿನಕ್ಕೆ ಅಥವಾ ವಾರಕ್ಕೆ. ಬೀಡಿ ಕಟ್ಟುವವರದ್ದು ಸಾವಿರ ಬೀಡಿಗೆ ಇಷ್ಟು ಅಂತ. ಅವರು ಹೇಗೆ ಲೆಕ್ಕ ಇಡುತ್ತಾರೋ ಹಾಗೇ ಕೇಳಿ, ತಿಂಗಳಿಗೆ ಎಷ್ಟಾಯಿತು ಅಂತ ಆಮೇಲೆ ನೀವು ಲೆಕ್ಕ ಹಾಕಿಕೊಳ್ಳಿ. ಖರ್ಚಿನ ವಿಷಯದಲ್ಲೂ ಹಾಗೆಯೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆ ಖರ್ಚು ಕೇಳುವ ಕ್ರಮ ನೋಡಿ: ತರಕಾರಿ, ಅಡುಗೆ ಎಣ್ಣೆ, ಮೊಟ್ಟೆಗೆ ಕಳೆದ 7 ದಿನ, ಅಕ್ಕಿ, ಬೇಳೆಗೆ ಕಳೆದ 30 ದಿನ, ಬಟ್ಟೆ, ಚಪ್ಪಲಿ, ಮಕ್ಕಳ ಓದಿಗೆ ಕಳೆದ 365 ದಿನ. ಮನುಷ್ಯರಿಗೆ ಯಾವುದು ಎಷ್ಟು ದಿನ ನೆನಪಿರುತ್ತದೆ ಅಂತ ಯೋಚಿಸಿ ಮಾಡಿದ ಕ್ರಮ ಅದು. ನಮ್ಮ ಪ್ರಾಜೆಕ್ಟಿಗೂ ಅದನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು.

ಇನ್ನೊಂದು, ಆ ಐದು ಕಾಲಂ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಪರೀಕ್ಷೆಗೆ ಓದುವ ನಮಗೆ ಅದು ಸುಲಭ. ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತ ಒಬ್ಬ ಅಜ್ಜಿಗೆ ಹೇಳಿಕೆ ಓದಿ ಹೇಳಿದರೆ "ಹ್ಞೂಂ ಕಣವ್ವ, ಹೌದು" ಅನ್ನುತ್ತಾರೆ. ಮುಂದಿನದಕ್ಕೂ ಹೌದು. ಅದಕ್ಕೆ ಉಲ್ಟಾ ಹೇಳಿಕೆ ಓದಿದರೂ ಹೌದು. ಮನೆಗೆ ಬಂದ ಓದಿದ ಹುಡುಗಿಗೆ ಬೇಸರ ಮಾಡಬಾರದು ಅನ್ನುವ ದೊಡ್ಡ ಮನಸ್ಸು ಅದು, ಆದರೆ ನಿಮ್ಮ ಟೇಬಲ್ಲಿನಲ್ಲಿ ಶೇಕಡಾ 90 ಜನ ಯೋಜನೆಯಿಂದ ತೃಪ್ತರಾಗಿದ್ದಾರೆ ಅಂತ ಬಂದು ಕೂರುತ್ತದೆ. ಅದರ ಬದಲು ನಡೆದದ್ದನ್ನು ಕೇಳಿ. ಹೋದ ತಿಂಗಳು ರೇಷನ್ ಅಂಗಡಿಗೆ ಎಷ್ಟು ಸಲ ಹೋಗಬೇಕಾಯಿತು? ಬೆರಳಚ್ಚು ತಗೊಂಡಿತಾ? ಎಷ್ಟು ಕೆ.ಜಿ. ಸಿಕ್ಕಿತು? ಇದಕ್ಕೆ ಯಾರೂ ಸುಮ್ನೆ ಹೌದು ಅನ್ನೋಕೆ ಆಗುವುದಿಲ್ಲ.

ಮತ್ತೆ, ಹೋದ ತಕ್ಷಣ ಜನ ಕೇಳುವ ಮೊದಲ ಮಾತಿಗೆ ನಿಮ್ಮ ಹತ್ತಿರ ಉತ್ತರ ಇರಬೇಕು. "ಏನ್ ಬರುತ್ತವ್ವಾ ಇದರಿಂದ? ಲೋನ್ ಕೊಡ್ತಾರೇನು? ಮನೆ ಲಿಸ್ಟಿಗೆ ಹೆಸರು ಬರಕೊಳ್ತಿದೀರೇನು?" ಏನೂ ಬರುವುದಿಲ್ಲ, ನಾನು ಓದುವ ಹುಡುಗಿ, ನನ್ನ ಓದಿಗೆ ಬೇಕಾಗಿದೆ, ಇಷ್ಟ ಇದ್ದರೆ ಮಾತ್ರ ಹೇಳಿ ಅಂತ ನೇರವಾಗಿ ಹೇಳಬೇಕು. ಹಾಗೆ ಹೇಳಿದ ಮೇಲೂ ಜನ ಕೂರಿಸಿ ಮಾತಾಡುತ್ತಾರೆ, ಅದು ನಮ್ಮ ಸೀಮೆಯ ಗುಣ. ಆಧಾರ್ ನಂಬರ್ ಬರೆದುಕೊಳ್ಳಬೇಡಿ. ಹೆಸರಿನ ಜಾಗದಲ್ಲಿ ಒಂದು ನಂಬರ್ ಹಾಕಿ. ಕೇಳದೆ ಫೋಟೋ ತೆಗೆಯಬೇಡಿ. ಕಾಲೇಜಿನ ಪತ್ರ, ಗುರುತಿನ ಚೀಟಿ ಕೈಯಲ್ಲಿರಲಿ, ಪಂಚಾಯಿತಿಯಲ್ಲಿ ಪಿಡಿಒ ಅವರಿಗೆ ಒಂದು ಮಾತು ತಿಳಿಸಿ.

ಪ್ರಶ್ನಾವಳಿಯನ್ನು ಮೊದಲು ಕೆಲವೇ ಮನೆಗಳಲ್ಲಿ ಕೇಳಿ ನೋಡಿ, ತಿದ್ದಿ, ಆಮೇಲೆ ಪೂರ್ತಿ ಶುರು ಮಾಡಿ. ಪಿ.ಸಿ. ಮಹಾಲನೋಬಿಸ್ ಬಂಗಾಳದಲ್ಲಿ ಸೆಣಬಿನ ಬೆಳೆಯ ಸಮೀಕ್ಷೆಯನ್ನು 1937ರಲ್ಲಿ ಸಣ್ಣದಾಗಿ ಶುರು ಮಾಡಿದರು. ವರ್ಷ ವರ್ಷ ತಿದ್ದುತ್ತಾ 1941ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಿದರು. ದೇಶದ ದೊಡ್ಡ ಸಂಖ್ಯಾಶಾಸ್ತ್ರಜ್ಞರೇ ಹಾಗೆ ಮಾಡಿದ್ದಾರೆ ಅಂದರೆ ನಾವು ಒಂದು ಭಾನುವಾರ ಕೊಡಬಹುದು ಅಲ್ವಾ.

ಎಷ್ಟು ಜನರನ್ನು ಕೇಳಬೇಕು ಅನ್ನುವುದಕ್ಕೆ ಎಲ್ಲ ಪ್ರಾಜೆಕ್ಟುಗಳಲ್ಲೂ 384 ಅನ್ನುವ ಒಂದು ಸಂಖ್ಯೆ ಓಡಾಡುತ್ತದೆ. ಅದು 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಅನ್ನುವವರು ಮಾಡಿದ ಪಟ್ಟಿಯಿಂದ ಬಂದದ್ದು. ಹತ್ತು ಲಕ್ಷ ಜನ ಇದ್ದರೂ 384 ಸಾಕು ಅನ್ನುತ್ತದೆ ಆ ಪಟ್ಟಿ. ಆದರೆ ಅದಕ್ಕೆ ಒಂದು ಷರತ್ತಿದೆ. ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರಬೇಕು, ಅಂದರೆ ಪೂರ್ತಿ ಪಟ್ಟಿ ಇಟ್ಟುಕೊಂಡು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಗೂಗಲ್ ಫಾರ್ಮನ್ನು ಗೆಳೆಯರ ಗುಂಪಿಗೆ ಕಳಿಸಿ 384 ತುಂಬಿಸಿದರೆ ಸಂಖ್ಯೆ ಸರಿ ಇರುತ್ತದೆ, ಅರ್ಥ ಇರುವುದಿಲ್ಲ. ಒಬ್ಬ ವಿದ್ಯಾರ್ಥಿ ಒಂದೇ ಹಳ್ಳಿಯ 40 ಮನೆಗಳನ್ನು ಅಂಗನವಾಡಿಯ ಮನೆ ಪಟ್ಟಿಯಿಂದ ಆರಿಸಿ, ಪ್ರತಿ ಮನೆಯಲ್ಲೂ ಒಂದು ಗಂಟೆ ಕೂತು ಬಂದರೆ ನಾನು ಅದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಹೆಣ್ಣು ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಫೀಲ್ಡ್ ವರ್ಕ್ ಅಂದರೆ ಮನೆಯಲ್ಲಿ ಭಯ. ಒಬ್ಬಳೇ ಯಾವ ಊರಿಗೆ ಹೋಗ್ತೀಯ, ಯಾರ ಮನೆಯಲ್ಲಿ ಕೂರ್ತೀಯ ಅಂತ ಅಪ್ಪ ಅಮ್ಮ ಕೇಳುವುದು ಸಹಜ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಖರ್ಚು ಉಳಿಯಿತು, ಆದರೆ ನಮ್ಮ ಜಿಲ್ಲೆಗಳಲ್ಲಿ ಹಳ್ಳಿ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಸಂಜೆ ಕೊನೆಯ ಬಸ್ಸು ಬೇಗ ಹೋಗುತ್ತದೆ. ಇಬ್ಬರು ಗೆಳತಿಯರು ಪಕ್ಕ ಪಕ್ಕದ ಪ್ರಶ್ನೆ ತೆಗೆದುಕೊಂಡು ಒಂದೇ ಹಳ್ಳಿಗೆ ಜೊತೆಯಾಗಿ ಹೋಗುವುದು ತುಂಬಾ ಚೆನ್ನಾಗಿ ನಡೆಯುತ್ತದೆ. ಅಜ್ಜಿ ಮನೆ, ಅತ್ತೆ ಮನೆ ಇರುವ ಊರನ್ನೇ ಆರಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಅಲ್ಲಿ ರಾತ್ರಿ ಉಳಿಯಬಹುದು, ಬೆಳಿಗ್ಗೆ ಹೆಂಗಸರು ಕೆಲಸಕ್ಕೆ ಹೊರಡುವ ಮೊದಲೇ ಮಾತಾಡಿಸಬಹುದು. ಸಂಬಂಧಿಕರ ಊರು ಅನ್ನುವುದನ್ನು ರಿಪೋರ್ಟಿನಲ್ಲಿ ಬರೆದುಬಿಡಿ. ಅಷ್ಟೇ ಸಾಕು.

ಇಂಟರ್ನ್‌ಶಿಪ್ ಬಗ್ಗೆಯೂ ಕೇಳುತ್ತಾರೆ, ಅದರಲ್ಲೂ ಎಂಬಿಎ, ಎಂ.ಕಾಂ. ಮಕ್ಕಳು. ಬೆಂಗಳೂರಿಗೆ ಹೋಗಲೇಬೇಕು ಅನ್ನುವ ಒತ್ತಡ ಯಾಕೆ ಅಂತ ನನಗೆ ಅರ್ಥವಾಗುತ್ತದೆ, ಮುಂದೆ ಕೆಲಸ ಅಲ್ಲೇ ತಾನೆ. ಆದರೆ ರೂಮ್ ಬಾಡಿಗೆ, ಊಟದ ಖರ್ಚು ಹಾಕಿ ಎರಡು ತಿಂಗಳು ಒಂದು ಆಫೀಸಿನ ಮೂಲೆಯಲ್ಲಿ ಕೂತು ಬರುವುದಕ್ಕಿಂತ ಇಲ್ಲಿನ ಒಂದು ಸಹಕಾರಿ ಬ್ಯಾಂಕಿನಲ್ಲಿ, ಒಂದು ಅಡಿಕೆ ಮಂಡಿಯಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಪೂರ್ತಿ ವ್ಯವಹಾರ ಕಣ್ಣೆದುರು ಕಾಣುತ್ತದೆ. ಕೃಷಿ ಸಂಬಂಧದ ಪ್ರಶ್ನೆ ಇದ್ದರೆ ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಇನ್ನೊಂದು ಇದೆ. ವಿಜ್ಞಾನದ ಮಕ್ಕಳಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಬೇಸಿಗೆಯದ್ದು ಅಂತ ಏಪ್ರಿಲ್‌ನಲ್ಲಿ ಹುಡುಕಬೇಡಿ, ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ. ಇಂಟರ್ನ್‌ಶಿಪ್ ಕೇಳುವ ಪತ್ರದಲ್ಲಿ 'ಯಾವ ಕೆಲಸವಾದರೂ ಸರಿ' ಅಂತ ಬರೆಯಬೇಡಿ. ನಾನು ಇಂಥದ್ದನ್ನು ನೋಡಬೇಕು, ನನಗೆ ಇಷ್ಟು ಬರುತ್ತದೆ, ಇಷ್ಟು ವಾರ ಬರುತ್ತೇನೆ ಅಂತ ಬರೆಯಿರಿ.

ಬೇಸರದ ಮಾತೊಂದು. ರೆಡಿ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳು ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟರೆ ಬೇರೆ ಊರಿನ ಹೆಸರು ತೆಗೆದು ನಿಮ್ಮೂರಿನ ಹೆಸರು ಹಾಕಿ ಕೊಡುತ್ತಾರೆ. ಈಗ ಅದರ ಜಾಗಕ್ಕೆ ಚಾಟ್‌ಜಿಪಿಟಿ ಬಂದಿದೆ. ಅದು ಕೊಡುವ ಆಕರ ಗ್ರಂಥಗಳಲ್ಲಿ ಕೆಲವು ಈ ಲೋಕದಲ್ಲೇ ಇಲ್ಲದ ಪುಸ್ತಕಗಳಾಗಿರುತ್ತವೆ. ಒಂದೊಂದನ್ನೂ ನೀವೇ ಹುಡುಕಿ ತೆಗೆದು ನೋಡದೆ ಹಾಕಬೇಡಿ. ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ಮಾಡಿದೆ. ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ನನಗೆ ನೋವಾಗುವುದು ನಿಯಮಕ್ಕಲ್ಲ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ತನ್ನದೇ ತಾಲ್ಲೂಕನ್ನು ಒಂದು ಸಲ ಗಮನ ಕೊಟ್ಟು ನೋಡುವ ಅವಕಾಶ ಅವನ ಇಡೀ ಓದಿನಲ್ಲಿ ಇದೊಂದೇ ಇರುತ್ತದೆ. ಅದನ್ನು ದುಡ್ಡು ಕೊಟ್ಟು ಕಳೆದುಕೊಳ್ಳುವುದನ್ನು ನೋಡಲು ಆಗುವುದಿಲ್ಲ.

ಟಿಪ್ಪಣಿ ಇಡುವ ಕ್ರಮ. ಹೋಗಿ ಬಂದ ದಿನವೇ ರಾತ್ರಿ ಬರೆದುಬಿಡಿ, ಮಾರನೇ ದಿನಕ್ಕೆ ಅರ್ಧ ಹೋಗಿರುತ್ತದೆ. ಬರೆಯಲು ಬೇಜಾರಾದರೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸಬಹುದು. ಮೊದಲಿನಿಂದಲೂ ಯೂನಿಕೋಡಿನಲ್ಲೇ ಬರೆಯಿರಿ, ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಕೊನೆಗೆ ಬದಲಾಯಿಸುವಾಗ ಒತ್ತಕ್ಷರಗಳು ಕೈಕೊಡುತ್ತವೆ. ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿ ಉಳಿದು ಮಾಡಿದ ಅಧ್ಯಯನದ ಸಿದ್ಧ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸುಟ್ಟುಹೋದವು. ಪ್ರತಿಗಳು ಇದ್ದದ್ದು ಒಂದೇ ಕಡೆ. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ಅಷ್ಟು ಕಾಲ ಅಲ್ಲಿ ಉಳಿದು, ಅಷ್ಟು ಚೆನ್ನಾಗಿ ನೋಡಿದ್ದರಿಂದ ಅದು ಸಾಧ್ಯವಾಯಿತು. ನಮಗೆ ಅಷ್ಟು ಕಾಲ ಸಿಗುವುದಿಲ್ಲ, ಪೆನ್‌ಡ್ರೈವ್ ಒಂದು ಕಡೆ, ಗೂಗಲ್ ಡ್ರೈವ್ ಇನ್ನೊಂದು ಕಡೆ ಇಟ್ಟುಕೊಳ್ಳೋಣ.

ಗೈಡ್ ಹತ್ತಿರ ಹೋಗುವಾಗ ಒಂದು ಪುಟ ಬರೆದುಕೊಂಡು ಹೋಗಿ. ಪ್ರಶ್ನೆ ಏನು, ಎಲ್ಲಿ, ಯಾರನ್ನು ಕೇಳುತ್ತೀರಿ, ಯಾವ ತಿಂಗಳು. ಅವರ ಕೈಕೆಳಗೆ ಇನ್ನೂ ಎಷ್ಟೋ ಮಕ್ಕಳು ಇರುತ್ತಾರೆ, ಬಾಯಿಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ. ಬರೆದದ್ದರ ಮೇಲೆ ಅವರು ಪೆನ್ನಿನಲ್ಲಿ ಗೀಚಿ ಕೊಟ್ಟರೆ ಅದೇ ನಿಮಗೆ ಮುಂದಿನ ದಾರಿ.

ಕೊನೆಗೆ, ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ವಿಷಯ ಹೇಳಿಬಿಡುತ್ತೇನೆ, ಯಾರಾದರೂ ತೆಗೆದುಕೊಳ್ಳಲಿ ಅಂತ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಸೈರನ್ ಕೂಗಿದರೆ ಊರು ಏಳುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಹತ್ತಿ ಮಿಲ್ಲುಗಳು, ಕಾರ್ಮಿಕ ಸಂಘಗಳು, ಕಾರ್ಮಿಕ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಇಲ್ಲಿಯ ಶಾಸಕರಾಗಿದ್ದ ಕಾಲ. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚಿನ ಮಿಲ್ಲುಗಳು ಬಾಗಿಲು ಹಾಕಿದ್ದವು. ಸಂಬಳ ನಿಂತ ಮೇಲೆ ಆ ಮನೆಗಳು ಹೇಗೆ ನಡೆದವು? ಯಾರು ತಳ್ಳುಗಾಡಿ ಇಟ್ಟರು, ಯಾರು ಮಂಡಕ್ಕಿ ಭಟ್ಟಿಗೆ ಹೋದರು, ಯಾರು ಊರು ಬಿಟ್ಟರು? ಹೆಂಗಸರು ಮೊದಲ ಬಾರಿಗೆ ಕೂಲಿಗೆ ಹೊರಟದ್ದು ಆಗಲೇನಾ? ಮಕ್ಕಳಲ್ಲಿ ಯಾರ ಓದು ನಿಂತಿತು, ಗಂಡಿನದೋ ಹೆಣ್ಣಿನದೋ? ಇದನ್ನು ಯಾವ ಗಣತಿಯೂ ಹೇಳುವುದಿಲ್ಲ. ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಪ್ರತಿ ವರ್ಷ ಅವರ ಸಂಖ್ಯೆ ಕಡಿಮೆಯಾಗುತ್ತಿದೆ.

ಪ್ರಾಜೆಕ್ಟಿಗೆ ಬೇಕಾದದ್ದೆಲ್ಲ ಇದರಲ್ಲಿದೆ. ಊರೊಳಗೇ ಇದೆ, ಸಿಟಿ ಬಸ್ಸಿನಲ್ಲಿ ಹೋಗಬಹುದು, ಬೆಳೆಯ ಕಾಲಕ್ಕೆ ಕಾಯಬೇಕಾಗಿಲ್ಲ, ಹಳೆಯ ಪೇಪರುಗಳ ಫೈಲು ಲೈಬ್ರರಿಯಲ್ಲಿ ಹುಡುಕಬಹುದು. ಹಿರಿಯರ ಮಾತು ರೆಕಾರ್ಡ್ ಮಾಡಿಕೊಳ್ಳಲು ಒಪ್ಪಿಗೆ ಕೇಳಬೇಕು, ಅರ್ಧ ದಿನ ಬಿಡುವಾಗಿ ಕೂರಬೇಕು, ಅವರು ದಣಿದರೆ ಎದ್ದು ಬಂದು ಮತ್ತೊಂದು ದಿನ ಹೋಗಬೇಕು. ಮೂರನೇ ಸೆಮಿಸ್ಟರಿನಲ್ಲಿ ಇರುವವರು ಯಾರಾದರೂ ಮನಸ್ಸು ಮಾಡಿದರೆ ಕ್ಲಾಸ್ ಮುಗಿದ ಮೇಲೆ ನನ್ನನ್ನು ಬಂದು ನೋಡಿ. ಮಾತಾಡಲು ಒಪ್ಪುವ ಎರಡು ಮನೆ ನನಗೆ ಗೊತ್ತಿವೆ. ಮೊದಲ ಸಲ ನಾನೂ ಜೊತೆಗೆ ಬರುತ್ತೇನೆ.